ಆಕ್ಸೊಲಾಟಲ್ ತರುವ ಮೊದಲು ಥರ್ಮಾಮೀಟರ್ ತನ್ನಿ

ಮಾನ್ಯ ಸಂಪಾದಕರೇ,

ಮಕ್ಕಳ ಒತ್ತಾಯಕ್ಕೆ ಮಣಿದು ಆಕ್ಸೊಲಾಟಲ್ ತರುವ ಮನೆಗಳು ಗಡಿನಾಡು ಕಾಸರಗೋಡಿನಲ್ಲೂ ಕಾಣಿಸತೊಡಗಿವೆ. ತಲೆಯ ಎರಡೂ ಬದಿಗೆ ಗರಿ ಬಿಚ್ಚಿದ ಕಿವಿರು, ನಕ್ಕಂತೆ ಕಾಣುವ ಬಾಯಿ, ಪುಟ್ಟ ಪುಟ್ಟ ನಾಲ್ಕು ಕಾಲು. 2021ರಲ್ಲಿ ಒಂದು ಜನಪ್ರಿಯ ವಿಡಿಯೊ ಗೇಮ್‌ಗೆ ಸೇರಿದ ಮೇಲಂತೂ ಶಾಲಾ ಮಕ್ಕಳಿಗೆಲ್ಲ ಅದರ ಗುರುತುಂಟು. ‘ನಡೆಯುವ ಮೀನು’ ಎಂದು ಮಾರುತ್ತಾರೆ. ಅದು ಮೀನಲ್ಲ, ಸಾಲಮಾಂಡರ್, ಕಪ್ಪೆಯ ಬಳಗದ ಉಭಯವಾಸಿ. ಮಾರುವವರು ಸಾಮಾನ್ಯವಾಗಿ ಬಾಯಿಬಿಡದ ವಿಷಯವೊಂದಿದೆ. ಈ ಪ್ರಾಣಿಗೆ ಬೇಕಾದ ನೀರು 16ರಿಂದ 18 ಡಿಗ್ರಿ ಸೆಲ್ಸಿಯಸ್‌ನದು. 20ರವರೆಗೆ ಸಹಿಸುತ್ತದೆ, 24 ದಾಟಿದರೆ ಪ್ರಾಣಕ್ಕೇ ಕುತ್ತು. ನಮ್ಮ ಮನೆಗಳಲ್ಲಿ ಏಪ್ರಿಲ್ ತಿಂಗಳ ನಡುರಾತ್ರಿಯೂ ತೊಟ್ಟಿಯ ನೀರು 28ರ ಕೆಳಗೆ ಇಳಿಯುವುದಿಲ್ಲ. ಉಳಿದದ್ದೆಲ್ಲ ಈ ಹತ್ತು ಡಿಗ್ರಿಯ ಅಂತರ ತುಂಬಿಸಿದ ನಂತರದ ಮಾತು.

ಆಕ್ಸೊಲಾಟಲ್‌ನ ಊರು ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊ ಕೆರೆ-ಕಾಲುವೆಗಳು. ಮೆಕ್ಸಿಕೊ ಎಂದೊಡನೆ ಬಿಸಿಲು ನಾಡು ಅಂದುಕೊಳ್ಳುತ್ತೇವೆ. ಆದರೆ ಆ ಜಾಗ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ 300 ಮೀಟರ್ ಮೇಲೆ. ಅಲ್ಲೂ ಈಗ ಅದರ ಸ್ಥಿತಿ ಚೆನ್ನಾಗಿಲ್ಲ. 1998ರ ಎಣಿಕೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದದ್ದು 2014ರ ಹೊತ್ತಿಗೆ 36ಕ್ಕೆ ಕುಸಿದಿತ್ತು. ಲೋಕದಲ್ಲೆಲ್ಲ ಗಾಜಿನ ತೊಟ್ಟಿಯಲ್ಲಿರುವವು ಬಹುಪಾಲು 1864ರಲ್ಲಿ ಪ್ಯಾರಿಸಿಗೆ ಕೊಂಡೊಯ್ದ ಕೆಲವೇ ಪ್ರಾಣಿಗಳ ಸಂತತಿ. ತಲೆಮಾರುಗಟ್ಟಲೆ ತೊಟ್ಟಿಯಲ್ಲೇ ಬೆಳೆದರೂ ತಂಪಿನ ಅಗತ್ಯ ಮಾತ್ರ ಹೋಗಿಲ್ಲ. ‘ಇಲ್ಲೇ ಮರಿಯಾದದ್ದು, ನಮ್ಮ ಸೆಕೆಗೆ ಒಗ್ಗಿದೆ’ ಎಂಬ ಅಂಗಡಿಯ ಮಾತನ್ನು ನಂಬಬೇಡಿ. ಅದು ಒಗ್ಗಿದ್ದಲ್ಲ, ಇನ್ನೂ ಸತ್ತಿಲ್ಲ ಅಷ್ಟೆ.

ಸೆಕೆ ಕೊಲ್ಲುವ ಬಗೆ ನೇರವಾಗಿ ಕಣ್ಣಿಗೆ ಬೀಳುವುದಿಲ್ಲ. 18 ಡಿಗ್ರಿ ನೀರಿನಲ್ಲಿ ಲೀಟರಿಗೆ ಒಂಬತ್ತೂವರೆ ಮಿಲಿಗ್ರಾಂನಷ್ಟು ಆಮ್ಲಜನಕ ಕರಗಿರುತ್ತದೆ, 30 ಡಿಗ್ರಿಯಲ್ಲಿ ಏಳೂವರೆ. ಅತ್ತ ಆಮ್ಲಜನಕ ಇಳಿಯುವಾಗ ಇತ್ತ ಶೀತರಕ್ತದ ಪ್ರಾಣಿಗೆ ಅದರ ಬೇಡಿಕೆ ಏರುತ್ತದೆ. ಹೇಲಿನಿಂದ ಬರುವ ಅಮೋನಿಯದಲ್ಲಿ ವಿಷದ ಪಾಲು ಕೂಡ ಬಿಸಿ ಏರಿದಂತೆ ಹೆಚ್ಚುತ್ತದೆ. ಮೊದಲು ಊಟ ಬಿಡುತ್ತದೆ, ಬಾಲದ ತುದಿ ಕೊಕ್ಕೆಯಾಗುತ್ತದೆ, ಆಮೇಲೆ ಕಿವಿರಿನ ಮೇಲೆ ಹತ್ತಿಯಂಥ ಬಿಳಿ ಬೂಷ್ಟು. ಬೂಷ್ಟಿಗೆ ಔಷಧ ಹುಡುಕುತ್ತಾ ಜನ ಅಲೆಯುತ್ತಾರೆ, ಥರ್ಮಾಮೀಟರ್ ಮಾತ್ರ ನೋಡುವುದಿಲ್ಲ.

ನಮ್ಮಲ್ಲಿ ಸಾಮಾನ್ಯವಾಗಿ ಸೂಚಿಸುವ ಅಗ್ಗದ ದಾರಿಗಳು ಮೂರು. ಮೂರೂ ಕರಾವಳಿಗೆ ಆಗಿಬರುವುದಿಲ್ಲ, ಏಕೆಂದು ಹೇಳಬೇಕು. ನೀರಿನ ಮೇಲೆ ಗಾಳಿ ಹಾಯಿಸುವ ಫ್ಯಾನು ಆವಿಯಾಗಿಸಿ ತಂಪು ಮಾಡುತ್ತದೆ. ಒಣಹವೆಯ ಊರಲ್ಲಿ ಇದು ಐದಾರು ಡಿಗ್ರಿ ಇಳಿಸೀತು. ಬೇಸಗೆಯಲ್ಲಿ ಮೈಯ ಬೆವರೇ ಆರದ ಕುಂಬಳೆ-ಮಂಜೇಶ್ವರದಲ್ಲಿ ಎರಡೋ ಮೂರೋ ಡಿಗ್ರಿ. ಇಡೀ ದಿನ ತಿರುಗಿದರೂ 26ರ ಕೆಳಗೆ ಹೋಗದು. ಎರಡನೆಯದು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು. ಎಣ್ಮಕಜೆ, ಪೈವಳಿಕೆ, ಬಾಯಾರು ಕಡೆಯ ಸುರಂಗದ ನೀರನ್ನು ಬೇಸಗೆಯಲ್ಲಿ ಮೈಗೆ ಹೊಯ್ದರೆ ಹಿತವಾಗಿ ತಣ್ಣಗಿರುತ್ತದೆ, ಸುಳ್ಳಲ್ಲ. ಆದರೆ ಮಣ್ಣಿನಾಳದ ನೀರಿನ ಬಿಸಿ ಆ ಊರಿನ ವರ್ಷದ ಸರಾಸರಿ ಬಿಸಿಯ ಆಸುಪಾಸು ಇರುತ್ತದೆ. ನಮ್ಮಲ್ಲಿ ಅದು 26-27 ಡಿಗ್ರಿ. ಕೈಗೆ ತಂಪು, ಆಕ್ಸೊಲಾಟಲ್‌ಗೆ ಜ್ವರ. ಮೂರನೆಯದು ಐಸ್. ಒಂದು ಲೀಟರಿನ ಹೆಪ್ಪುಗಟ್ಟಿದ ಬಾಟಲಿ ಪೂರ್ತಿ ಕರಗಿದಾಗ 120 ಲೀಟರ್ ನೀರನ್ನು ಇಳಿಸುವುದು ಮುಕ್ಕಾಲು ಡಿಗ್ರಿ ಮಾತ್ರ. ಅದೇ ತೊಟ್ಟಿ ಮಧ್ಯಾಹ್ನದ ಸೆಕೆಗೆ ಗಂಟೆಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಬಾಟಲಿ ಬದಲಿಸಲು ಒಬ್ಬರು ಪಕ್ಕದಲ್ಲೇ ಕೂರಬೇಕಾದೀತು. ಮೇಲಾಗಿ ದಿನಕ್ಕೆ ಹತ್ತು ಸಲ ಏರಿಳಿಯುವ ಬಿಸಿ, ಒಂದೇ ಮಟ್ಟದಲ್ಲಿ ನಿಂತ 22 ಡಿಗ್ರಿಗಿಂತ ಕೆಟ್ಟದ್ದು.

ಹಾಗಾಗಿ ಬೇಕಾದದ್ದು ಕಂಪ್ರೆಸರ್ ಇರುವ ಅಕ್ವೇರಿಯಂ ಚಿಲ್ಲರ್, ಅಂದರೆ ತೊಟ್ಟಿಯ ನೀರನ್ನು ತಣಿಸುವ ಯಂತ್ರ. ‘ಪೆಲ್ಟಿಯರ್ ಕೂಲರ್’ ಎಂದು ಆನ್‌ಲೈನಿನಲ್ಲಿ ಸಿಗುವ ಪುಟ್ಟ ಡಬ್ಬಿ ಬಕೆಟಿನಷ್ಟು ನೀರಿಗೂ ಸಾಲದು. ಒಂದು ಪ್ರಾಣಿಗೆ ಕನಿಷ್ಠ 75 ಲೀಟರ್, ಎರಡಕ್ಕೆ 120 ಲೀಟರ್ ಎಂಬ ಲೆಕ್ಕದಲ್ಲಿ 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ತೊಟ್ಟಿ ಅನುಕೂಲ. ಎತ್ತರ ಬೇಡ, ಇದು ತಳದಲ್ಲಿ ನಡೆಯುವ ಪ್ರಾಣಿ. ಇದಕ್ಕೆ ಹತ್ತನೇ ಒಂದು ಎಚ್‌ಪಿ ಚಿಲ್ಲರ್ ಸಾಕು ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಆ ಲೆಕ್ಕ 25 ಡಿಗ್ರಿಯ ಕೋಣೆಯದ್ದು. 33 ಡಿಗ್ರಿಯ ಕೋಣೆಯಲ್ಲಿ ಅದು ಉಸಿರು ತೆಗೆಯಲು ಬಿಡುವಿಲ್ಲದೆ ಓಡುತ್ತದೆ. ಐದನೇ ಒಂದು ಎಚ್‌ಪಿ ತಂದರೆ ಬೇಗ ತಣಿಸಿ ನಿಲ್ಲುತ್ತದೆ, ಕಂಪ್ರೆಸರಿಗೂ ಆಯುಷ್ಯ. ಚಿಲ್ಲರ್ ಹೊರಕ್ಕೆ ಬಿಸಿಗಾಳಿ ಉಗುಳುವುದರಿಂದ ತೊಟ್ಟಿಯ ಕೆಳಗಿನ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಬಾರದು. ಹಾಕಿದರೆ ತಾನು ಉಗುಳಿದ್ದನ್ನು ತಾನೇ ಎಳೆದುಕೊಂಡು ಕೊನೆಗೆ ಟ್ರಿಪ್ ಆಗುತ್ತದೆ. ತಿಂಗಳಿಗೆ 60ರಿಂದ 90 ಯೂನಿಟ್ ಹೆಚ್ಚುವರಿ ಕರೆಂಟು ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಪ್ರಾಣಿಯ ಬೆಲೆಗಿಂತ ಚಿಲ್ಲರಿನ ಬೆಲೆ ಎಷ್ಟೋ ಪಾಲು ಜಾಸ್ತಿ, ಅದನ್ನು ಭರಿಸಲು ಮನಸ್ಸಿಲ್ಲದವರು ಗಪ್ಪಿಯನ್ನೋ ಫೈಟರನ್ನೋ ಸಾಕುವುದು ಮೇಲು. ಅವುಗಳಿಗೆ ನಮ್ಮ ಸೆಕೆಯೇ ಹಿತ.

ತೊಟ್ಟಿಯ ಹಿಂಬದಿಯ ಮತ್ತು ಎರಡು ಪಕ್ಕದ ಗಾಜಿಗೆ 25 ಮಿ.ಮೀ. ದಪ್ಪದ ಥರ್ಮೋಕೋಲ್ ಅಂಟಿಸಿ, ಅಡಿಗೂ ಒಂದು ಹಾಸಿದರೆ ಒಳಬರುವ ಬಿಸಿ ಅರ್ಧದಷ್ಟು ಕಡಿಮೆಯಾಗುತ್ತದೆ. ಸಂದಿಯಿಲ್ಲದೆ ಅಂಟಬೇಕು. ಸಂದಿ ಬಿಟ್ಟರೆ ಅದರೊಳಗೆ ನೀರು ಕಟ್ಟಿ ಕಪ್ಪು ಬೂಷ್ಟು ಹಿಡಿಯುತ್ತದೆ. ಕರಾವಳಿಯಲ್ಲಿ ಮರೆಯಬಾರದ ವಿಷಯ ಈ ಬೆವರು: 18 ಡಿಗ್ರಿ ನೀರಿರುವ ಗಾಜಿನ ಹೊರಮೈ ಹಗಲಿರುಳು ಬೆವರಿ ನೀರು ಇಳಿಯುತ್ತಲೇ ಇರುತ್ತದೆ. ಪ್ಲೈವುಡ್ ಸ್ಟ್ಯಾಂಡ್ ಒಂದು ಮಳೆಗಾಲದಲ್ಲಿ ಉಬ್ಬಿ ಬಿರಿಯುತ್ತದೆ. ಬಣ್ಣ ಬಳಿದ ಕಬ್ಬಿಣ ಅಥವಾ ಕಲ್ಲಿನ ಕಟ್ಟೆಯೇ ಒಳ್ಳೆಯದು. ವಯರುಗಳು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಮತ್ತೆ ಮೇಲೇರುವಂತೆ ಇರಲಿ, ಇಲ್ಲದಿದ್ದರೆ ಹನಿ ವಯರಿನ ಗುಂಟ ನೇರವಾಗಿ ಸ್ವಿಚ್‌ಬೋರ್ಡಿಗೆ ಇಳಿಯುತ್ತದೆ.

ಇನ್ನು ಆಟಿಯ ಮಳೆಗೆ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಪ್ರಸಂಗ. ಮನೆಯ ಸಾಮಾನ್ಯ ಇನ್ವರ್ಟರ್ ಕಂಪ್ರೆಸರ್ ಹೊರಡುವಾಗಿನ ಜಗ್ಗನ್ನು ತಡೆಯದೆ ಕೈಕೊಡುವುದೇ ಹೆಚ್ಚು. ಅದರಿಂದ ಗಾಳಿಯ ಪಂಪನ್ನು ಮಾತ್ರ ನಡೆಸಿ. ಥರ್ಮೋಕೋಲ್ ಹೊದ್ದ ತೊಟ್ಟಿ 18ರಿಂದ 22ಕ್ಕೆ ಏರಲು ಏಳೆಂಟು ಗಂಟೆ ಹಿಡಿಯುತ್ತದೆ. ಆ ಮೇಲೆ ಮೊದಲೇ ಹೆಪ್ಪುಗಟ್ಟಿಸಿಟ್ಟ ಬಾಟಲಿಗಳನ್ನು ಎರಡು ಗಂಟೆಗೊಂದರಂತೆ ತೇಲಿಬಿಟ್ಟರೆ ಮಟ್ಟ ನಿಲ್ಲುತ್ತದೆ. ಐಸ್‌ ಬಳಸಬೇಕಾದದ್ದು ಹೀಗೆ, ಆಪತ್ತಿಗೆ.

ತಂಪು ಸರಿಯಾದ ಮೇಲೆ ನೀರಿನ ಗುಣ. ಆಕ್ಸೊಲಾಟಲ್‌ಗೆ ಸ್ವಲ್ಪ ಗಡಸು ನೀರು ಬೇಕು: ಪಿಎಚ್ (ಹುಳಿ-ಕ್ಷಾರದ ಅಳತೆ) 7.4ರಿಂದ 7.6, ಜಿಎಚ್ (ಒಟ್ಟು ಗಡಸುತನ) 7ರಿಂದ 14, ಕೆಎಚ್ (ಹುಳಿ ಏರದಂತೆ ತಡೆಯುವ ಕಾರ್ಬೊನೇಟ್ ಗಡಸುತನ) 3ರಿಂದ 8 ಡಿಗ್ರಿ. ಈ ಡಿಗ್ರಿ ಬಿಸಿಯದ್ದಲ್ಲ, ಗಡಸುತನದ ಅಳತೆ. ನಮ್ಮ ಮುರಕಲ್ಲಿನ ಬಾವಿಗಳ ನೀರು ಇದಕ್ಕೆ ತದ್ವಿರುದ್ಧ. ಮೆದು, ಹುಳಿ, ಎಷ್ಟೋ ಕಡೆ ಪಿಎಚ್ 6ರ ಆಸುಪಾಸು, ಕೆಎಚ್ ಇಲ್ಲವೆನ್ನುವಷ್ಟು ಕಡಿಮೆ, ಕೆಲವೆಡೆ ಕಬ್ಬಿಣದ ಕೆಂಪು ಬೇರೆ. ಕೆಂಪು ನೀರನ್ನು ಒಂದು ರಾತ್ರಿ ಗಾಳಿ ಬಿಟ್ಟು ತಂಗಿಸಿ ಮೇಲಿನದನ್ನು ಬಸಿದುಕೊಳ್ಳಬಹುದು. ಗಡಸುತನಕ್ಕೆ ಅಂಗಡಿಯ ದುಬಾರಿ ಪುಡಿ ಬೇಡ, ಚಂದ್ರಗಿರಿ ಹೊಳೆಯ ಮರುವಾಯಿಯ ಚಿಪ್ಪು ಸಾಕು. ಕುದಿಸಿ, ಒಣಗಿಸಿ, ಕಾಳಿನಷ್ಟು ಗಾತ್ರಕ್ಕೆ ಕುಟ್ಟಿ, ಒಂದು ಹಿಡಿಯಷ್ಟನ್ನು ಬಲೆಯ ಚೀಲದಲ್ಲಿ ಫಿಲ್ಟರಿನೊಳಗೆ ಇಡಿ. ಹುಳಿ ನೀರಿನಲ್ಲಿ ತಾನಾಗಿ ಕರಗುತ್ತದೆ, ಹುಳಿ ತಗ್ಗಿದಂತೆ ಕರಗುವುದೂ ನಿಧಾನವಾಗುತ್ತದೆ. ಅದೇ ಚಿಪ್ಪನ್ನು ಸುಟ್ಟ ಸುಣ್ಣವನ್ನು ಮಾತ್ರ ಮುಟ್ಟಬೇಡಿ. ಚಿಟಿಕೆ ಸುಣ್ಣಕ್ಕೂ ಪಿಎಚ್ ನೆಗೆದು ಪ್ರಾಣಿಯ ಚರ್ಮವೇ ಬೇಯುತ್ತದೆ. ಕೂಡಲೇ ಕೆಎಚ್ ಏರಿಸಬೇಕಾದರೆ ಅಡುಗೆ ಸೋಡಾ: 100 ಲೀಟರಿಗೆ 3 ಗ್ರಾಂ ಹಾಕಿದರೆ ಒಂದು ಡಿಗ್ರಿ ಏರುತ್ತದೆ. ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಬೇಡ.

ಬಾವಿ ನೀರಿನಲ್ಲಿ ಕ್ಲೋರಿನ್ ಇಲ್ಲ ಎಂದು ನೆಮ್ಮದಿಯಿಂದಿರುವವರು ಮಳೆಗಾಲದಲ್ಲಿ ಆರೋಗ್ಯ ಕಾರ್ಯಕರ್ತರು ಬಂದು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಹೋದದ್ದನ್ನು ಮರೆತಿರುತ್ತಾರೆ. ಆ ವಾರ ನೀರು ಬದಲಿಸಬೇಡಿ. ಬದಲಿಸಲೇಬೇಕಾದರೆ ಎರಡು ದಿನ ಗಾಳಿ ಬಿಟ್ಟಿಟ್ಟು, 100 ಲೀಟರಿಗೆ ಒಂದು ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹಾಕಿ ಬಳಸಿ. ಲೋಳೆಸರದ ರಸ ಸೇರಿಸಿದ ‘ವಾಟರ್ ಕಂಡಿಷನರ್’ಗಳು ಉಭಯವಾಸಿಗಳಿಗೆ ಹೇಳಿದ್ದಲ್ಲ.

ಪ್ರಾಣಿ ಬರುವ ಒಂದೂವರೆ ಎರಡು ತಿಂಗಳು ಮೊದಲೇ ಫಿಲ್ಟರಿನಲ್ಲಿ ಅಮೋನಿಯ ತಿನ್ನುವ ಬ್ಯಾಕ್ಟೀರಿಯ ಬೆಳೆಸಬೇಕು. ಇದನ್ನೇ ತೊಟ್ಟಿ ‘ಸೈಕಲ್’ ಮಾಡುವುದು ಎನ್ನುತ್ತಾರೆ. ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, 100 ಲೀಟರಿಗೆ 0.6 ಗ್ರಾಂ ಹಾಕಿದರೆ ಅಮೋನಿಯ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಬರುತ್ತದೆ. ಪಾತ್ರೆಗೆ ಕಲಾಯಿ ಹಾಕುವ ನವಸಾಗರ ಶುದ್ಧವಿರುವುದಿಲ್ಲ, ಲ್ಯಾಬಿಗೆ ಕೊಡುವ ಅಂಗಡಿಯದ್ದನ್ನು ತನ್ನಿ. ಮೊದಲ ಕೆಲವು ವಾರ ಅಮೋನಿಯ, ಆಮೇಲೆ ಅದರಿಂದ ಹುಟ್ಟುವ ನೈಟ್ರೈಟ್ ಏರಿ ಇಳಿಯುತ್ತದೆ. ಹಾಕಿದ 2 ಪಿಪಿಎಂ 24 ಗಂಟೆಯೊಳಗೆ ಪೂರ್ತಿ ಕರಗಿ, ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ತೋರಿಸಿದಾಗ ತೊಟ್ಟಿ ತಯಾರು. ಈ ಕೆಲಸ ಮುಗಿಯುವ ತನಕ ಚಿಲ್ಲರ್ ಹಾಕಬೇಡಿ, ಬ್ಯಾಕ್ಟೀರಿಯಕ್ಕೆ ನಮ್ಮ 28 ಡಿಗ್ರಿಯೇ ಪ್ರಿಯ. ಆದರೆ ಒಂದು ಸಲ ಹಾಕಿದ ಅಮೋನಿಯ ನೈಟ್ರೇಟ್ ಆಗುವಷ್ಟರಲ್ಲಿ ಕೆಎಚ್ ಸುಮಾರು ಮೂರನೇ ಎರಡು ಡಿಗ್ರಿಯಷ್ಟು ಖರ್ಚಾಗುತ್ತದೆ. ನಮ್ಮ ಬಾವಿ ನೀರಿನಲ್ಲಿ ಇರುವುದೇ ಒಂದು ಡಿಗ್ರಿ. ಎರಡನೇ ಡೋಸಿಗೆ ಅದು ಮುಗಿದು, ಪಿಎಚ್ 6ರ ಕೆಳಗೆ ಜಾರಿ, ಬ್ಯಾಕ್ಟೀರಿಯ ಕೆಲಸ ನಿಲ್ಲಿಸುತ್ತದೆ. ‘ಮೂರು ತಿಂಗಳಾದರೂ ಸೈಕಲ್ ಆಗುತ್ತಿಲ್ಲ’ ಎನ್ನುವವರು ಮೊದಲು ನೋಡಬೇಕಾದದ್ದು ಕೆಎಚ್.

ಪ್ರಾಣಿ ಇರುವ ತೊಟ್ಟಿಯಲ್ಲಿ ಹೀಗಾದರೆ ಇನ್ನೊಂದು ಅಪಾಯ ಕಾದಿರುತ್ತದೆ. ಹುಳಿ ನೀರಿನಲ್ಲಿ ಅಮೋನಿಯ ಹೆಚ್ಚುಕಡಿಮೆ ನಿರಪಾಯದ ಅಮೋನಿಯಂ ರೂಪದಲ್ಲಿ ಶೇಖರವಾಗುತ್ತಾ ಹೋಗಿರುತ್ತದೆ, ಪ್ರಾಣಿ ಹೇಗೋ ದಿನ ದೂಡಿರುತ್ತದೆ. ಪಿಎಚ್ ಬಿದ್ದಿದೆಯೆಂದು ಗಾಬರಿಯಿಂದ ಸೋಡಾ ಸುರಿದರೆ, ಪಿಎಚ್ 6ರಿಂದ 8ಕ್ಕೆ ಏರಿದಾಗ ವಿಷದ ಪಾಲು ನೂರು ಪಟ್ಟಿನಷ್ಟಾಗುತ್ತದೆ, ಸಂಜೆಯೊಳಗೆ ಪ್ರಾಣಿ ಸತ್ತಿರುತ್ತದೆ. ಅದಕ್ಕೇ ಮೊದಲು ಅದೇ ಬಗೆಯ ಮೆದು ನೀರಿನಿಂದ ಅರ್ಧ ಬದಲಿಸಿ, ಮರುದಿನ ಇನ್ನರ್ಧ ಬದಲಿಸಿ, ಅಮೋನಿಯ ಸೊನ್ನೆಯಾದ ಮೇಲಷ್ಟೇ ಸೋಡಾ. ಮಾಮೂಲು ದಿನಗಳಲ್ಲಿ ವಾರಕ್ಕೆ ಕಾಲು ಭಾಗದಷ್ಟು ನೀರು ಬದಲಿಸಿ ನೈಟ್ರೇಟ್ 20 ಪಿಪಿಎಂ ದಾಟದಂತೆ ನೋಡಿಕೊಂಡರೆ ಸಾಕು.

ತೊಟ್ಟಿಯ ಅಡಿಗೆ ಬಣ್ಣದ ಕಲ್ಲು ಬೇಡವೇ ಬೇಡ. ಆಕ್ಸೊಲಾಟಲ್ ಬಾಯಿ ತೆರೆದು ನೀರಿನ ಸಮೇತ ಎಳೆದುಕೊಂಡು ನುಂಗುವ ಪ್ರಾಣಿ. ತಲೆಗಿಂತ ಸಣ್ಣದಾದ ಕಲ್ಲೆಲ್ಲ ಹೊಟ್ಟೆಗೆ ಹೋಗಿ ಅಲ್ಲೇ ಕಟ್ಟಿಕೊಳ್ಳುತ್ತದೆ. 15 ಸೆಂ.ಮೀ. ಆಗುವವರೆಗೆ ಬರೀ ಗಾಜು ಅಥವಾ ಒರಟು ಟೈಲ್ಸ್, ಆಮೇಲೆ ಬೇಕಿದ್ದರೆ ಜರಡಿ ಹಿಡಿದು ತೊಳೆದ ನಯವಾದ ಹೊಳೆ ಹೊಯ್ಗೆ. ಕ್ರಷರಿನ ಎಂ-ಸ್ಯಾಂಡ್ ಚೂಪು, ಅಂಗಾಲು ಗೀರುತ್ತದೆ. ಕಣ್ಣಿಗೆ ರೆಪ್ಪೆಯಿಲ್ಲದ್ದರಿಂದ ಪ್ರಖರ ಬೆಳಕು ಬೇಡ, ಒಂದೊಂದಕ್ಕೂ ಅಡಗಲು ಒಂದೊಂದು ಪೈಪಿನ ತುಂಡೋ ಮಗುಚಿದ ಮಣ್ಣಿನ ಕುಡಿಕೆಯೋ ಇರಲಿ. ಫಿಲ್ಟರಿನ ನೀರು ರಭಸವಾಗಿ ಬಿದ್ದರೆ ಕಿವಿರು ಮುಂದಕ್ಕೆ ಬಾಗುತ್ತದೆ. ನೀರು ಬೀಳುವ ಕಡೆ ಸ್ಪಂಜು ಕಟ್ಟಿದರೆ ಸರಿಹೋಗುತ್ತದೆ. ಇನ್ನೊಂದು, ಆ ಕೋಣೆಯಲ್ಲಿ ಸೊಳ್ಳೆಬತ್ತಿ, ಕರೆಂಟಿನ ಸೊಳ್ಳೆ ಔಷಧ ಬೇಡ. ಗಾಳಿಯ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ, ಆ ಔಷಧಗಳಲ್ಲಿರುವ ಪೈರೆತ್ರಾಯ್ಡ್ ಜಲಚರಗಳಿಗೆ ವಿಷ.

ಆಹಾರದ ವಿಷಯದಲ್ಲಿ ನಮ್ಮ ಜಿಲ್ಲೆಯವರು ಅದೃಷ್ಟವಂತರು. ಬೆಳೆದ ಆಕ್ಸೊಲಾಟಲ್‌ಗೆ ಎರೆಹುಳುವಿಗಿಂತ ಒಳ್ಳೆಯ ತಿನಿಸಿಲ್ಲ, ಎರೆಗೊಬ್ಬರದ ಗುಂಡಿ ಇಲ್ಲಿ ಮನೆಮನೆಯಲ್ಲಿದೆ. ಆದರೆ ಗೊಬ್ಬರದ ಹುಳುಗಳೆಲ್ಲ ಒಂದೇ ಅಲ್ಲ. ಮೈಮೇಲೆ ಹಳದಿ-ಕೆಂಪು ಪಟ್ಟೆಯಿರುವ ಸಣ್ಣ ಐಸೀನಿಯ ಹುಳು ಮುಟ್ಟಿದರೆ ಕಹಿ, ನಾತದ ಹಳದಿ ರಸ ಬಿಡುತ್ತದೆ. ಬಾಯಿಗೆ ತೆಗೆದುಕೊಂಡ ಆಕ್ಸೊಲಾಟಲ್ ಕೂಡಲೇ ಉಗುಳುತ್ತದೆ. ಮಾರಿದವರನ್ನು ‘ಎರೆಹುಳು ತಿನ್ನುತ್ತಿಲ್ಲ’ ಎಂದು ದೂರುವವರ ಕೈಯಲ್ಲಿರುವುದು ಹೆಚ್ಚಾಗಿ ಇದೇ. ಕೂಡ್ಲಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ತೆಂಗಿನ ಗರಿಯನ್ನು ಗೊಬ್ಬರ ಮಾಡಲು ಬಳಕೆಗೆ ತಂದದ್ದು ಯೂಡ್ರಿಲಸ್ ಜಾತಿಯ ಹುಳು: ದಪ್ಪ, ನೇರಳೆ ಮಿಶ್ರಿತ ಕಂದು, ಪಟ್ಟೆಯಿಲ್ಲ. ಇದನ್ನು ಆಸೆಪಟ್ಟು ತಿನ್ನುತ್ತವೆ. ಒಂದು ದಿನ ಒದ್ದೆ ಕಾಗದದಲ್ಲಿಟ್ಟು ಹೊಟ್ಟೆಯ ಮಣ್ಣು ಹೋದ ಮೇಲೆ ತೊಳೆದು, ತಲೆಯ ಅಗಲಕ್ಕಿಂತ ಉದ್ದವಾಗದಂತೆ ತುಂಡುಮಾಡಿ ಕೊಡಿ. ಅಡಿಕೆ ತೋಟದ ಮಣ್ಣು ಅಗೆದು ಹುಳು ತರಬಾರದು. ಕೊಳೆರೋಗಕ್ಕೆ ವರ್ಷವರ್ಷವೂ ಹೊಡೆದ ಬೋರ್ಡೋ ದ್ರಾವಣದ ತಾಮ್ರ ಆ ಮಣ್ಣಿನಲ್ಲಿ ಕೂತಿರುತ್ತದೆ, ಉಭಯವಾಸಿಗಳಿಗೆ ತಾಮ್ರ ಆಗದು. ಎಂಡೋಸಲ್ಫಾನ್ ಕಂಡ ನಾಡಿನಲ್ಲಿ ಮಣ್ಣಿಗಿಳಿದದ್ದು ಎಲ್ಲಿಗೆ ಹೋಗುತ್ತದೆಂದು ವಿವರಿಸಬೇಕಾಗಿಲ್ಲ.

ಬೆಳೆದದ್ದಕ್ಕೆ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ಒಂದೆರಡು ಹುಳು. ಹೊಟ್ಟೆಯ ಅಗಲ ತಲೆಯ ಅಗಲದಷ್ಟಿದ್ದರೆ ಹದ. ಮೀರಿದರೆ ಕಡಿಮೆ ಮಾಡಿ. ಬೂತಾಯಿ-ಬಂಗುಡೆಯ ಚೂರು ಬೇಡ, ಅದರ ಎಣ್ಣೆ ನೀರ ಮೇಲೆ ಪೊರೆಗಟ್ಟುತ್ತದೆ. ಕೋಳಿ, ದನದ ಮಾಂಸದ ಕೊಬ್ಬು ತಂಪುನೀರಿನ ಹೊಟ್ಟೆಯಲ್ಲಿ ಜೀರ್ಣವಾಗುವುದಿಲ್ಲ. ತೋಡಿನಿಂದ ಹಿಡಿದ ಗೊದಮೊಟ್ಟೆ, ಸಣ್ಣಮೀನು ಅಂತೂ ಬೇಡವೇ ಬೇಡ. ಪರೋಪಜೀವಿ ಮನೆಗೆ ಬರುವ ಹೆದ್ದಾರಿ ಅದು. ಹುಳು ಸಿಗದ ದಿನಕ್ಕೆ ನೂರಕ್ಕೆ ನಲವತ್ತೈದರಷ್ಟು ಪ್ರೋಟೀನ್ ಇರುವ, ಮುಳುಗುವ ಪೆಲೆಟ್ ಆದೀತು. ತಿನ್ನದೆ ಉಳಿದದ್ದನ್ನು ಅರ್ಧ ಗಂಟೆಯೊಳಗೆ ತೆಗೆಯಿರಿ.

ಬೆಳವಣಿಗೆಯ ಲೆಕ್ಕ ತಿಳಿದಿದ್ದರೆ ಮೋಸಹೋಗುವುದು ತಪ್ಪುತ್ತದೆ. ಮೊಟ್ಟೆ ಎರಡರಿಂದ ಮೂರು ವಾರಕ್ಕೆ ಒಡೆಯುತ್ತದೆ. ಹೊರಬಂದ ಮರಿ ಒಂದು ಸೆಂಟಿಮೀಟರ್ ಚಿಲ್ಲರೆ, ಕಾಲಿಲ್ಲ, ಕಡ್ಡಿಯಂತೆ ಬಿದ್ದಿರುತ್ತದೆ. ಎರಡು ಮೂರು ದಿನ ಹೊಟ್ಟೆಯ ಹಳದಿಯಲ್ಲೇ ಬದುಕುತ್ತದೆ, ಆಮೇಲೆ ಅಲುಗಾಡುವ ತಿನಿಸೇ ಬೇಕು, ಪುಡಿ ಹಾಕಿದರೆ ತಿನ್ನದು. ಇದಕ್ಕೆ ಸಿಗಡಿ ಬಳಗದ ಉಪ್ಪುನೀರಿನ ಪುಟ್ಟ ಜೀವಿ ಆರ್ಟೀಮಿಯ: ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಅಯೋಡಿನ್ ಇಲ್ಲದ ಉಪ್ಪು, ಅರ್ಧ ಚಮಚ ಆರ್ಟೀಮಿಯ ಮೊಟ್ಟೆ, ತಳದಿಂದ ಜೋರಾಗಿ ಗಾಳಿ. 26-28 ಡಿಗ್ರಿಯಲ್ಲಿ ಒಂದು ದಿನಕ್ಕೆ ಮರಿಯೊಡೆಯುತ್ತದೆ, ಈ ಒಂದು ಕೆಲಸಕ್ಕೆ ನಮ್ಮ ಹವೆ ಹೇಳಿಮಾಡಿಸಿದ್ದು. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಒಡೆದ ಚಿಪ್ಪು ಮೇಲೆ ತೇಲುತ್ತದೆ. ಟಾರ್ಚನ್ನು ತಳದ ಬಳಿ ಹಿಡಿದರೆ ಕಿತ್ತಳೆ ಬಣ್ಣದ ಜೀವಂತ ಮರಿಗಳು ಬೆಳಕಿನ ಕಡೆ ಬಂದು ಗುಂಪುಗಟ್ಟುತ್ತವೆ, ಅಲ್ಲಿಂದ ನಳಿಗೆಯಲ್ಲಿ ಎಳೆದು, ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಬೇಕು. ಮೇಲಿನ ಚಿಪ್ಪು ಸೇರಿದರೆ ಮರಿಗಳ ಕರುಳು ಕಟ್ಟುತ್ತದೆ. ಸಿಹಿನೀರಿಗೆ ಬಿದ್ದ ಆರ್ಟೀಮಿಯ ಕೆಲವೇ ಗಂಟೆಯಲ್ಲಿ ಸತ್ತು ಕೊಳೆಯುವುದರಿಂದ ದಿನಕ್ಕೆರಡು ಸಲ ಊಟ, ದಿನಕ್ಕೊಮ್ಮೆ ಪೂರ್ತಿ ನೀರು ಬದಲು. ಬದಲಿಸುವ ನೀರೂ ಅಷ್ಟೇ ತಣ್ಣಗಿರಬೇಕು.

ಎರಡು ಸೆಂಟಿಮೀಟರ್ ಆಗುವಷ್ಟರಲ್ಲಿ ಮುಂಗಾಲು ಮೂಡುತ್ತದೆ, ಆಮೇಲೆ ಹಿಂಗಾಲು. ಮುಂದೆ ನಾಲ್ಕು ಬೆರಳು, ಹಿಂದೆ ಐದು. ಈ ಹಂತದಿಂದ ಐದಾರು ಸೆಂ.ಮೀ. ಆಗುವವರೆಗೆ ಅವು ಅಲುಗಿದ್ದನ್ನೆಲ್ಲ ಕಚ್ಚುತ್ತವೆ, ತಮ್ಮವರ ಕಾಲು-ಕಿವಿರೂ ಸೇರಿ. ಬೇರೆ ಬೇರೆ ಡಬ್ಬಿಯಲ್ಲಿ ಸಾಕುವುದೇ ಮದ್ದು. ಕಾಲು ತುಂಡಾಗಿ ಬಂದ ಮರಿಯನ್ನು ತಿರಸ್ಕರಿಸಬೇಕಾಗಿಲ್ಲ, ನೀರು ಶುದ್ಧವಿದ್ದರೆ ಎರಡು ತಿಂಗಳ ಆಚೀಚೆ ಮೂಳೆ ಬೆರಳು ಸಮೇತ ಮತ್ತೆ ಬೆಳೆಯುತ್ತದೆ. ಹೊಟ್ಟೆತುಂಬ ತಿಂದ ಮರಿ ತಿಂಗಳಿಗೆ ಎರಡು ಮೂರು ಸೆಂ.ಮೀ. ಬೆಳೆದು, ಒಂದು ವರ್ಷದ ಹೊತ್ತಿಗೆ 20 ಸೆಂ.ಮೀ. ಮುಟ್ಟುತ್ತದೆ. 25 ಸಾಮಾನ್ಯ, 30 ಅಪರೂಪ. ಆಯಸ್ಸು ಹತ್ತರಿಂದ ಹದಿನೈದು ವರ್ಷ, ಅಂದರೆ ಮೂರನೇ ಕ್ಲಾಸಿನ ಮಗು ಕೊಂಡದ್ದನ್ನು ಕಾಲೇಜು ಮುಗಿಯುವವರೆಗೆ ಅಪ್ಪ-ಅಮ್ಮನೇ ನೋಡಿಕೊಳ್ಳಬೇಕು. ‘ದೊಡ್ಡದಾಗದ ಜಾತಿ’ ಎಂದು ಮಾರುವುದು ಸುಳ್ಳು. ಮರಿಯಾಗಿದ್ದಾಗ ಹಸಿವಿನಿಂದಲೋ ಸೆಕೆಯಿಂದಲೋ ಕುಂಠಿತವಾದದ್ದು ಅದು.

ಇನ್ನೊಂದು ಮೌಢ್ಯ, ಅಯೋಡಿನ್ ಹಾಕಿ ಅದನ್ನು ನೆಲದ ಪ್ರಾಣಿಯಾಗಿಸುವುದು. ಥೈರಾಯ್ಡ್ ಹಾರ್ಮೋನು ಸಾಕಷ್ಟು ಒಸರದ್ದರಿಂದ ಆಕ್ಸೊಲಾಟಲ್ ಬಾಳಿಡೀ ಮರಿಯ ರೂಪದಲ್ಲೇ ಉಳಿಯುತ್ತದೆ, ಕಿವಿರು ಹೋಗುವುದಿಲ್ಲ. ಔಷಧದಿಂದ ರೂಪ ಬದಲಿಸಿದರೆ ಬದಲಾಗುವಾಗಲೇ ಸಾಯುವವು ಉಂಟು, ಬದುಕಿದವಕ್ಕೂ ಆಯಸ್ಸು ಕಡಿಮೆ. ಕಿವಿರು ತಾನಾಗಿ ಮೊಂಡಾಗುತ್ತಿದ್ದರೆ ರೂಪ ಬದಲಾಗುತ್ತಿದೆ ಎಂದು ಸಂಭ್ರಮಪಡಬೇಡಿ. ನೂರಕ್ಕೆ ತೊಂಬತ್ತು ಪಾಲು ಅದು ಕೆಟ್ಟ ನೀರಿನ ಗುರುತು.

ಬಿಳಿ ಬೂಷ್ಟು ಕಂಡರೆ ಲೀಟರಿಗೆ ಎರಡು ಟೀ ಚಮಚ ಅಯೋಡಿನ್ ಇಲ್ಲದ ಕಲ್ಲುಪ್ಪು ಕರಗಿಸಿದ ತಂಪುನೀರಿನಲ್ಲಿ ಹತ್ತು ನಿಮಿಷ, ದಿನಕ್ಕೆ ಎರಡು ಸಲ, ಮೂರ್ನಾಲ್ಕು ದಿನ. ಹದಿನೈದು ನಿಮಿಷ ದಾಟಿದರೆ ಉಪ್ಪೇ ಚರ್ಮ ಸುಡುತ್ತದೆ. ಮೀನಿನ ಔಷಧಗಳಲ್ಲಿ ತಾಮ್ರ, ಮ್ಯಾಲಕೈಟ್ ಗ್ರೀನ್, ಫಾರ್ಮಲಿನ್ ಇರುವುದನ್ನು ಮುಟ್ಟಬೇಡಿ. ತೀರಾ ಬಳಲಿದ್ದನ್ನು ಮುಚ್ಚಳಕ್ಕೆ ತೂತಿರುವ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ, 6-8 ಡಿಗ್ರಿಯಲ್ಲಿ, ದಿನಾ ನೀರು ಬದಲಿಸುತ್ತಾ ಕೆಲವು ದಿನ ಇಡುವುದುಂಟು. ಮನೆಮಂದಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು. ಬಿಸಿ ನೀರಿನಿಂದ ನೇರ ಫ್ರಿಜ್ಜಿಗೆ ಬೇಡ, ಗಂಟೆಗೆ ಒಂದೆರಡು ಡಿಗ್ರಿಯಂತೆ ಇಳಿಸಿ. ಪಾರ್ಸೆಲಿನಲ್ಲಿ ಬಂದ ಹೊಸ ಮರಿಗೂ ಇದೇ ನಿಯಮ: ಚೀಲದ ನೀರು 27 ಇದ್ದರೆ ತೊಟ್ಟಿಯನ್ನು 24ಕ್ಕೆ ಇಟ್ಟು ಬಿಟ್ಟು, ಒಂದು ದಿನದಲ್ಲಿ 18ಕ್ಕೆ ತನ್ನಿ, ಆ ದಿನ ಊಟ ಬೇಡ.

ಕಾನೂನಿನ ಮಾತೂ ಉಂಟು. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದದ ಎರಡನೇ ಅನುಬಂಧದಲ್ಲಿ ಆಕ್ಸೊಲಾಟಲ್ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಾದ ತಿದ್ದುಪಡಿ ಮತ್ತು 2024ರ ಫೆಬ್ರವರಿಯ ನಿಯಮಗಳ ಪ್ರಕಾರ ಇಂಥ ಜೀವಂತ ಪ್ರಾಣಿ ಇಟ್ಟುಕೊಂಡವರು ‘ಪರಿವೇಶ್’ ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರಲ್ಲಿ ನೋಂದಾಯಿಸಬೇಕು. ಮರಿಯಾದರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು. ‘ಮೀನಿಗೆಂಥ ಕಾಗದ’ ಎನ್ನುವ ಅಂಗಡಿಯಿಂದ ಕೊಂಡರೆ ಉತ್ತರ ಕೊಡಬೇಕಾದವರು ಕೊಂಡವರು. ಡಾರ್ಜಿಲಿಂಗ್, ಸಿಕ್ಕಿಂ ಕಡೆಯ ಹಿಮಾಲಯದ ಸಾಲಮಾಂಡರ್ ಅಂತೂ ನಮ್ಮದೇ ಸಂರಕ್ಷಿತ ಕಾಡುಪ್ರಾಣಿ, ಸಾಕುವ ಪ್ರಶ್ನೆಯೇ ಇಲ್ಲ.

ಗಂಡು-ಹೆಣ್ಣು ಒಂದೇ ತೊಟ್ಟಿಯಲ್ಲಿದ್ದರೆ ಒಂದು ಸಲಕ್ಕೆ ನೂರಾರು ಮೊಟ್ಟೆ. ಒಂದೂವರೆ ವರ್ಷ ತುಂಬದ ಹೆಣ್ಣಿಗೆ ಅದು ಮೈ ಹಿಂಡಿದಂತೆ, ಎರಡು ಸಂತಾನದ ನಡುವೆ ಆರು ತಿಂಗಳ ಬಿಡುವೂ ಬೇಕು. ಬಾಲದ ಬುಡ ಉಬ್ಬಿದ್ದು ಗಂಡು. ಅದು ಗೊತ್ತಾದ ಕೂಡಲೇ ಬೇರ್ಪಡಿಸಿ. ಬೇಡದ ಮೊಟ್ಟೆಗಳನ್ನು ಇಟ್ಟ ಒಂದೆರಡು ದಿನದೊಳಗೆ ಫ್ರೀಜರಿನಲ್ಲಿಟ್ಟು ಆಮೇಲೆ ಮಣ್ಣಿನಲ್ಲಿ ಹೂಳಿ. ಸಾಕಲಾಗದ ಪ್ರಾಣಿಯನ್ನು ಪಳ್ಳಕ್ಕೋ ತೋಡಿಗೋ ಬಿಡುವುದು ದಯೆಯಲ್ಲ. ಅದು ಸೆಕೆಗೆ ವಾರದೊಳಗೆ ಸಾಯುತ್ತದೆ, ಆದರೆ ಅದರ ಚರ್ಮದಲ್ಲಿ ಬಂದಿರಬಹುದಾದ ಕೈಟ್ರಿಡ್ ಶಿಲೀಂಧ್ರ ನಮ್ಮ ಕಪ್ಪೆಗಳಿಗೆ, ತೋಟದ ಒದ್ದೆಮಣ್ಣಿನಲ್ಲಿ ಎರೆಹುಳುವಿನಂತೆ ಕಾಣುವ ಕಾಲಿಲ್ಲದ ಸಿಸಿಲಿಯನ್‌ಗಳಿಗೆ ಅಂಟಬಹುದು. ತೊಟ್ಟಿಯಿಂದ ತೆಗೆದ ಹಳೆ ನೀರನ್ನೂ ತೋಡಿಗೆ ಹರಿಯಬಿಡದೆ, ಬಿಸಿಲು ಬೀಳುವ ಕಡೆಯ ತೆಂಗಿನ ಬುಡಕ್ಕೆ ಹೊಯ್ಯಿರಿ. ನೈಟ್ರೇಟ್ ಇರುವ ನೀರು, ತೆಂಗಿಗೂ ಬೇಕಾದದ್ದೇ.

— ಜಲಚರ ಸಾಕಣೆಯ ಹವ್ಯಾಸಿಗಳು, ಬದಿಯಡ್ಕ, ಕಾಸರಗೋಡು ಜಿಲ್ಲೆ